ಹಳೆಯ ಹೂದಾನಿ: ತಳ ಮೊದಲು, ಮುದ್ರೆ ಕೊನೆಗೆ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಹಳೆಯ ಹೂದಾನಿಗಳು ಹೆಚ್ಚಾಗಿ ಕೈಗೆ ಸಿಗುವುದು ವಾಡೆ ಕೆಡವಿದಾಗ, ಇಲ್ಲವೇ ಅಟ್ಟದ ಮೇಲಿನ ಭಾಂಡೆ-ಸಾಮಾನು ಗುಜರಿಗೆ ಹೋದಾಗ. ಲೋಹದ್ದನ್ನು ತೂಕಕ್ಕೆ ಹಾಕುತ್ತಾರೆ, ಪಿಂಗಾಣಿಯದನ್ನು ಕಣ್ಣಂದಾಜಿಗೆ ಮಾರುತ್ತಾರೆ. ಬಿದರಿ, ಮುರಾದಾಬಾದಿನ ಹಿತ್ತಾಳೆ, ಜಪಾನಿನ ಪಿಂಗಾಣಿ, ಹೋದ ವರ್ಷ ಅಚ್ಚಿನಲ್ಲಿ ಸುರಿದ ನಕಲು ಎಲ್ಲ ಒಂದೇ ರಾಶಿಯಲ್ಲಿರುತ್ತವೆ. ಅದರಿಂದ ಆರಿಸುವಾಗ ನಾನು ಪಾಲಿಸುವ ಕ್ರಮ ಒಂದೇ: ಮೊದಲು ತಳ, ಆಮೇಲೆ ಮೈ, ಕೊನೆಗೆ ಮುದ್ರೆ, ಅಂದರೆ ತಯಾರಕರ ಇಲ್ಲವೇ ದೇಶದ ಗುರುತು. ಹೆಚ್ಚಿನವರು ಮುದ್ರೆಯಿಂದ ಶುರು ಮಾಡುತ್ತಾರೆ. ನಕಲು ಮಾಡುವವನೂ ಅಲ್ಲಿಂದಲೇ ಶುರು ಮಾಡುತ್ತಾನೆ.

ಚೀಲದಲ್ಲಿ ಹತ್ತು ಪಟ್ಟಿನ ಭೂತಗನ್ನಡಿ, ಸಣ್ಣ ಎಲ್‌ಇಡಿ ಬ್ಯಾಟರಿ, 365 ನ್ಯಾನೋಮೀಟರಿನ ನೇರಳಾತೀತ ಬ್ಯಾಟರಿ, ಅಯಸ್ಕಾಂತ, ಟೇಪು, ದಾರ ಇದ್ದರೆ ಸಾಕು. ಐದು ಕೆಜಿಯ ಡಿಜಿಟಲ್ ತಕ್ಕಡಿ ಮನೆಯಲ್ಲಿರಲಿ.

ಪಿಂಗಾಣಿಯ ಹೂದಾನಿಯನ್ನು ತಿರುವಿ ಹಾಕಿದರೆ ತಳದ ಸುತ್ತ ಮೆರುಗು ಹಿಡಿಯದ ಒಂದು ಉಂಗುರ ಕಾಣುತ್ತದೆ. ಭಟ್ಟಿಯ ಹಲಗೆಗೆ ಅಂಟದಿರಲಿ ಎಂದು ಅಲ್ಲಿಯ ಮೆರುಗನ್ನು ಒರೆಸಿರುತ್ತಾರೆ. ವರ್ಷಾನುಗಟ್ಟಲೆ ಕಟ್ಟೆಯ ಮೇಲೆ, ಕಪಾಟಿನಲ್ಲಿ ಸರಿದಾಡಿದ ಉಂಗುರ ನುಣುಪಾಗಿರುತ್ತದೆ, ಕೊಳೆ ಒಳಗೆ ಇಳಿದಿರುತ್ತದೆ, ಗೀರುಗಳು ಅಡ್ಡಾದಿಡ್ಡಿ ಓಡಿರುತ್ತವೆ. ಮರಳು ಕಾಗದದಿಂದ ಉಜ್ಜಿ ಹಳೆಯದು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಸಮನಾಗಿ ಹೋಗುತ್ತವೆ. ಕಂದು ಬಣ್ಣ ಬಳಿದಿದ್ದರೆ ಒದ್ದೆ ಹತ್ತಿಗೆ ಬಹಳ ಸಲ ಹತ್ತಿಕೊಳ್ಳುತ್ತದೆ.

ಮುಂದೆ ಒಳಗೆ ಕೈ ಹಾಕಿ. ತಿಗರಿಯ ಮೇಲೆ ಎತ್ತಿದ್ದಾದರೆ ಬೆರಳಿಗೆ ಸುತ್ತು ಗೆರೆ ಸಿಗುತ್ತವೆ. ಚೀನಾದ ದೊಡ್ಡ ಹೂದಾನಿಗಳನ್ನು ಎರಡು ತುಂಡಾಗಿ ಮಾಡಿ ಕೂಡಿಸುತ್ತಿದ್ದರು. ಹೊಟ್ಟೆಯ ಭಾಗದಲ್ಲಿ ಅಡ್ಡ ಉಬ್ಬು ತಾಗಿದರೆ ಅದು ದೋಷವಲ್ಲ, ಒಳ್ಳೆಯ ಗುರುತು. ತೆಳು ಮಣ್ಣನ್ನು ಅಚ್ಚಿಗೆ ಸುರಿದು ಮಾಡಿದ್ದಾದರೆ ಹೊರಗಿನ ಪ್ರತಿ ತಗ್ಗು-ದಿನ್ನೆಯೂ ಒಳಗೆ ಹಾಗೇ ಮೂಡಿರುತ್ತದೆ, ಮೈಮೇಲೆ ಉದ್ದಕ್ಕೆ ಜೋಡಣೆಯ ಗೆರೆ ಇರುತ್ತದೆ. ಕತ್ತಲಲ್ಲಿ ಒಳಗಿನಿಂದ ಬ್ಯಾಟರಿ ಹಿಡಿಯಿರಿ. ನಿಜವಾದ ಪಿಂಗಾಣಿಯ ತೆಳು ಭಾಗದಲ್ಲಿ ಬೆಳಕು ಹಾಯುತ್ತದೆ, ಕಲ್ಲುಮಣ್ಣಿನದರಲ್ಲಿ (ಸ್ಟೋನ್‌ವೇರ್) ಮತ್ತು ಜಪಾನಿನ ಸತ್ಸುಮಾ ಮಾದರಿಯ ಮಣ್ಣಿನ ಹೂದಾನಿಯಲ್ಲಿ ಹಾಯುವುದಿಲ್ಲ. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಪತ್ರಿಕೆಯ ಫೋಟೋದಂಥ ಸಣ್ಣ ಚುಕ್ಕೆ ಕಂಡರೆ ಅದು ಈಚಿನ ಅಂಟುಚಿತ್ರ. ಕುಂಚದ ಕೆಲಸದಲ್ಲಿ ಬಣ್ಣ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.

ಮೆರುಗಿನ ಬಿರುಕುಗಳನ್ನು ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ ಹಳೆಯದಾಗಿ ಕಾಣಿಸುವುದುಂಟು. ಆಗ ಕಂದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬಳಕೆಯಿಂದ ಬಂದ ಕಲೆ ನೀರು ನಿಂತಲ್ಲಿ, ಕೈ ಹಿಡಿದಲ್ಲಿ ಗಾಢವಾಗಿರುತ್ತದೆ.

ಇಷ್ಟಾದ ಮೇಲೆ ಮುದ್ರೆ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕು ಎಂಬ ಅಲ್ಲಿಯ ನಿಯಮ 1891ರಲ್ಲಿ ಜಾರಿಗೆ ಬಂತು. ಜಪಾನಿನವರು ಮೊದಲು ತಮ್ಮ ಭಾಷೆಯ ಹೆಸರಾದ ‘ನಿಪ್ಪಾನ್’ ಎಂದು ಹಾಕುತ್ತಿದ್ದರು, 1921ರಿಂದ ‘ಜಪಾನ್’ ಎಂದು ಹಾಕಬೇಕಾಯಿತು. ‘ಆಕ್ಯುಪೈಡ್ ಜಪಾನ್’ ಇದ್ದರೆ ಎರಡನೇ ಮಹಾಯುದ್ಧದ ನಂತರದ್ದು, 1952ರೊಳಗಿನದು. ‘ಜೆಕೊಸ್ಲೊವಾಕಿಯಾ’ ಎಂದಿರುವ ಗಾಜಿನ ಹೂದಾನಿ 1918ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ದೇಶ ಹುಟ್ಟಿದ್ದೇ ಆಗ. ಇಂಗ್ಲೆಂಡಿನ ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರವರೆಗಿನದು. 1884ರಿಂದ ‘ಆರ್‌ಡಿ’ ಎಂಬ ಅಕ್ಷರದ ಮುಂದೆ ಅಂಕಿ ಬರುತ್ತದೆ, ಅದೂ ವಿನ್ಯಾಸ ನೋಂದಾಯಿಸಿದ ಕಾಲವನ್ನಷ್ಟೇ ಹೇಳುತ್ತದೆ. ನಮ್ಮ ಕಡೆಯವರು ಒಂದು ಮಾತು ನೆನಪಿಡಬೇಕು. ಮುಂಬಯಿ ಬಂದರಿಗೆ ಬಂದ ಸರಕು ಅಮೆರಿಕದ ನಿಯಮಕ್ಕೆ ಒಳಪಟ್ಟಿರಲಿಲ್ಲ. ಹಾಗಾಗಿ ದೇಶದ ಹೆಸರಿಲ್ಲ ಎಂದ ಮಾತ್ರಕ್ಕೆ 1891ಕ್ಕಿಂತ ಹಳೆಯದು ಎಂದು ಹಣ ಕೊಡಬೇಡಿ. ಚೀನಾದ ಕಾಂಗ್ಷಿ (1662–1722), ಚಿಯಾನ್‌ಲಾಂಗ್ (1736–1795) ದೊರೆಗಳ ಮುದ್ರೆಯನ್ನು ನಂತರದ ಕುಂಬಾರರು ಗೌರವಕ್ಕೂ ವ್ಯಾಪಾರಕ್ಕೂ ಧಾರಾಳವಾಗಿ ಬಳಸಿದ್ದಾರೆ. ಸತ್ಸುಮಾ ಮಾದರಿಯ ಮೇಲಿನ ವೃತ್ತದೊಳಗಿನ ಶಿಲುಬೆಯೂ ಹಾಗೆಯೇ: ಅದು ಸತ್ಸುಮಾ ಪ್ರಾಂತ್ಯವನ್ನು ಆಳಿದ ಶಿಮಾಜು ಮನೆತನದ ಲಾಂಛನ, ಆದರೆ ರಫ್ತಿನ ಅಗ್ಗದ ಮಾಲಿಗೂ ಬಿದ್ದಿದೆ.

ದುರಸ್ತಿ ಹಿಡಿಯಲು ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ. ಪಿಂಗಾಣಿ ಗಟ್ಟಿಯಾಗಿದ್ದರೆ ನಾದ ಉಳಿಯುತ್ತದೆ, ಸೀಳಿದ್ದರೆ ಬೊದ್ದು ಸದ್ದು ಬರುತ್ತದೆ. ನೇರಳಾತೀತ ಬೆಳಕಿನಲ್ಲಿ ಅಂಟು, ಹೊಸ ಬಣ್ಣ ಸುತ್ತಲಿನ ಮೈಗಿಂತ ಬೇರೆಯಾಗಿ ಹೊಳೆಯುತ್ತವೆ. ಬಾಯಿ ಮತ್ತು ಕತ್ತಿನ ಬುಡವನ್ನು ಮೊದಲು ನೋಡಿ, ಒಡೆಯುವುದು ಅಲ್ಲೇ. ತಳದಲ್ಲಿ ವಿದ್ಯುತ್ ತಂತಿಗಾಗಿ ತೂತು ಕೊರೆದು ದೀಪ ಮಾಡಿದ್ದರೆ ಬೆಲೆ ಬಹಳ ಇಳಿಯುತ್ತದೆ.

ಬಿದರಿಯ ವಿಷಯ ಬೇರೆ, ಇದರ ಬಗ್ಗೆ ನನಗೆ ಹೆಚ್ಚು ಕಾಳಜಿ. ಅದರ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಕೆತ್ತಿ, ಬೆಳ್ಳಿಯ ತಂತಿ ಇಲ್ಲವೇ ತಗಡು ಕೂಡಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಬಿಸಿ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪು ಬಣ್ಣ ಬಳಿದ ನಕಲನ್ನು ತಳದ ಅಂಚಿನಲ್ಲಿ ಹಿಡಿಯಬಹುದು: ಬಣ್ಣ ಪದರಾಗಿ ಏಳುತ್ತದೆ, ಕೆಳಗೆ ಹಳದಿ ಕಂಡರೆ ಹಿತ್ತಾಳೆ, ಅಯಸ್ಕಾಂತ ಹಿಡಿದರೆ ಕಬ್ಬಿಣ. ತಗ್ಗು ಬಿದ್ದಿದ್ದರೂ ಅನುಮಾನಿಸಿ. ಪೆಟ್ಟು ಬಿದ್ದರೆ ಸತುವಿನ ಎರಕ ತಗ್ಗುವುದಕ್ಕಿಂತ ಸೀಳುವುದೇ ಹೆಚ್ಚು.

ಇನ್ನೂ ಖಾತ್ರಿ ಬೇಕಾದರೆ ಸಾಂದ್ರತೆ ನೋಡಿ. ಮೊದಲು ಹೂದಾನಿಯ ತೂಕ ಬರೆದುಕೊಳ್ಳಿ. ಅರ್ಧ ನೀರಿನ ಸಣ್ಣ ಬಕೆಟ್ಟನ್ನು, ತಕ್ಕಡಿಯ ಮಿತಿ ಮೀರದಂತೆ, ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಹೂದಾನಿಯನ್ನು ದಾರದಲ್ಲಿ ಕಟ್ಟಿ, ತಳ-ಬದಿಗೆ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂ ಅಂದರೆ ಅಷ್ಟು ಮಿಲಿಲೀಟರ್ ಗಾತ್ರ. ತೂಕ 1,420 ಗ್ರಾಂ, ಗಾತ್ರ 200 ಬಂದರೆ 7.1, ಇದು ಸತುವಿನ ಹತ್ತಿರ. ಹಿತ್ತಾಳೆ 8.4ರಿಂದ 8.7ರ ಸುಮಾರಿಗೆ ಬರುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡರೆ, ತಳಕ್ಕೆ ಭಾರ ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಮುಗಿದ ಕೂಡಲೇ ಒರೆಸಿ ಒಣಗಿಸಿ.

ಬಿದರಿಗೆ ಹುಣಸೆಹಣ್ಣು, ನಿಂಬೆ, ಬ್ರಾಸೋ ಯಾವುದನ್ನೂ ಮುಟ್ಟಿಸಬೇಡಿ. ಆಮ್ಲವಾಗಲಿ ಪಾಲಿಶ್ ಆಗಲಿ ಕಪ್ಪನ್ನು ತೆಗೆದುಹಾಕುತ್ತದೆ, ಮನೆಯಲ್ಲಿ ಅದು ಮರಳಿ ಬರುವುದಿಲ್ಲ. ಬೀದರಿನ ಕುಶಲಕರ್ಮಿಗಳ ಕೈಗೇ ಹೋಗಬೇಕು. ಧಾರವಾಡದ ಮಳೆಗಾಲದಲ್ಲಿ ತೇವ ತಗುಲಿದರೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ತೆಗೆದು, ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಹತ್ತಿ ಬಟ್ಟೆಗೆ ಹಚ್ಚಿ ಮೈಯೆಲ್ಲ ಒರೆಸಿದರೆ ಸಾಕು. ಹೂವು ಇಡುವುದಾದರೆ ಒಳಗೆ ಗಾಜಿನ ಕೊಳವೆ ಇರಲಿ.

ಹಿತ್ತಾಳೆಯಲ್ಲಿ ಕೆತ್ತನೆಯ ಸಂದಿನ ಕಪ್ಪೇ ವಯಸ್ಸಿನ ಸಾಕ್ಷಿ. ಉಜ್ಜಿ ಬಂಗಾರದಂತೆ ಮಾಡಿದರೆ ಅದು ಹೋಗುತ್ತದೆ. ಅಲ್ಲಲ್ಲಿ ಕೆಂಪು ಮಚ್ಚೆ ಕಂಡರೆ ಹುಳಿಯಿಂದ ಸತು ಕರಗಿ ತಾಮ್ರ ಉಳಿದಿದೆ ಎಂದರ್ಥ. ಅದನ್ನು ತಿಕ್ಕಿ ತೆಗೆಯಲಾಗದು.

ಕೊಳ್ಳುವಾಗ ದಿನಾಂಕ, ಮಾರಿದವರ ಹೆಸರು, ಅಳತೆ ಬರೆದ ಚೀಟಿ ಪಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಸಂಶಯವಿದ್ದರೆ ಧಾರವಾಡದಲ್ಲೇ ಇರುವ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಬಹುದು. ಲಕ್ಕುಂಡಿ, ಹಾನಗಲ್ಲ ಸುತ್ತ ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿತು ಎನ್ನುವ ಮಡಕೆ-ಹೂಜಿಯನ್ನು ಎಷ್ಟೇ ಅಗ್ಗವಾದರೂ ನಾನು ಕೊಳ್ಳುವುದಿಲ್ಲ. ನೆಲದಡಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ಸಿಕ್ಕ ಜಾಗದಿಂದ ಕಿತ್ತು ತಂದ ಮಡಕೆ ಯಾವ ಪದರಿನದು, ಯಾವುದರ ಜತೆಗಿತ್ತು ಎಂಬುದನ್ನು ಆಮೇಲೆ ಯಾರೂ ಹೇಳಲಾರರು.