ಲೇಹ್‌ನಲ್ಲಿ ಒಳಕಿವಿಯ ಅಳತೆ: ನನ್ನ ಅನುಭವ

ಆಮ್ಲಜನಕ ಕಡಿಮೆಯಾದಾಗ ಒಳಕಿವಿ ಮಂಕಾಗುವುದನ್ನು ಆರೋಗ್ಯವಂತರ ಕಿವಿಯಲ್ಲಿಯೇ, ಅಂಗೈಯಗಲದ ಡಿಪಿಒಎಇ ಯಂತ್ರದಿಂದ (ಕಿವಿಗೆ ಎರಡು ಸ್ವರ ಕೇಳಿಸಿ, ಪ್ರತಿಯಾಗಿ ಒಳಕಿವಿ ಹೊರಡಿಸುವ ಸಣ್ಣ ಸದ್ದನ್ನು, ಅಂದರೆ ಎಮಿಷನ್ ಅನ್ನು, ಅಳೆಯುವ ಸಾಧನ) ತೋರಿಸಬಹುದೆಂದು ನಾನು ಹೇಳಿದಾಗ ಮೈಸೂರಿನ ನನ್ನ ಸಹೋದ್ಯೋಗಿಗಳು ನಂಬಲಿಲ್ಲ. "ನೀವು ಅಳೆಯುವುದು ಮಧ್ಯಕಿವಿಯ ಒತ್ತಡವನ್ನೇ ಹೊರತು ಒಳಕಿವಿಯ ಶ್ರವಣ ಭಾಗವಾದ ಕಾಕ್ಲಿಯಾವನ್ನಲ್ಲ" ಎಂದು ಹಿರಿಯರೊಬ್ಬರು ನೇರವಾಗಿಯೇ ಹೇಳಿದರು. ಮೊದಲ ಪ್ರವಾಸದ ಮಟ್ಟಿಗೆ ಅವರ ಮಾತೇ ನಿಜವಾಯಿತು.

ಆ ಸಲ ಆರು ಮಂದಿ ಚಾರಣಿಗರೊಂದಿಗೆ ಲಡಾಖಿನ ಖರ್ದುಂಗ್ ಲಾ ಕಣಿವೆದಾರಿ ಏರಿ, ಸುಮಾರು 5,350 ಮೀಟರ್ ಎತ್ತರದಿಂದ 3,500 ಮೀಟರಿನ ಲೇಹ್‌ಗೆ ಇಳಿದು ಬಂದ ಕೂಡಲೇ ಎಲ್ಲರ ಕಿವಿಗೂ ಯಂತ್ರದ ಪ್ರೋಬ್ (ಕಿವಿಯೊಳಗೆ ಕೂರುವ ಭಾಗ) ಇಟ್ಟೆ. ಎಮಿಷನ್ ಕುಸಿದಿತ್ತು, ಆದರೆ ಹೆಚ್ಚು ಕುಸಿದಿದ್ದು 1 ಕಿಲೋಹರ್ಟ್ಸ್ ಬಳಿ, ಅಂದರೆ ಕೆಳಸ್ವರಗಳಲ್ಲಿ. ಅದು ಇಳಿಯುವಾಗ ಮಧ್ಯಕಿವಿಯಲ್ಲಿ ಋಣ ಒತ್ತಡ (ಹೊರಗಿನದಕ್ಕಿಂತ ಕಡಿಮೆ ಒತ್ತಡ) ಉಂಟಾಗಿ ಕಿವಿತಮಟೆ ಬಿಗಿದದ್ದರ ಗುರುತು. ಚಳಿಗೆ ಪ್ರೋಬಿನ ತುದಿಗಳು ಗಡುಸಾಗಿ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ, ಬ್ಯಾಟರಿಯೂ ಕೈಕೊಟ್ಟಿತು. ಯಂತ್ರದ ಬಾಡಿಗೆ, ವಿಮಾನದ ಟಿಕೆಟ್ ಎಲ್ಲ ಸೇರಿ ಒಂದು ಲಕ್ಷದ ಮೇಲೆ ನನ್ನ ಸ್ವಂತ ಹಣ ಹೋಯಿತು.

ಎರಡನೆಯ ಸಲ ಎತ್ತರವನ್ನು ಬದಲಿಸುವುದನ್ನೇ ಬಿಟ್ಟೆ. ಲೇಹ್ ತಲುಪಿದ ಮರುದಿನ ಬೆಳಿಗ್ಗೆ ಹನ್ನೊಂದು ಮಂದಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಟಿಂಪನೋಮೆಟ್ರಿಯಲ್ಲಿ (ಮಧ್ಯಕಿವಿಯ ಒತ್ತಡ ಅಳೆಯುವ ಪರೀಕ್ಷೆ) ಒತ್ತಡ ಸೊನ್ನೆಯ ಆಸುಪಾಸಿನಲ್ಲಿದ್ದ ಕಿವಿಗಳನ್ನಷ್ಟೇ ಆರಿಸಿಕೊಂಡು, ಮೊದಲು ಮಾಸ್ಕಿನಲ್ಲಿ ಬರಿಯ ಗಾಳಿ ಕೊಟ್ಟು, ನಂತರ ಹತ್ತು ನಿಮಿಷ ಆಮ್ಲಜನಕ ಕೊಟ್ಟು, ಪ್ರೋಬ್ ಕದಲಿಸದೆಯೇ ಎರಡು ಸಲ ಅಳೆದೆ. ಸುತ್ತಲಿನ ಗಾಳಿಯ ಒತ್ತಡ ಅದೇ, ಪ್ರೋಬ್ ಅದೇ. ಬದಲಾದದ್ದು ರಕ್ತದ ಆಮ್ಲಜನಕ ಮಾತ್ರ. ಆಕ್ಸಿಮೀಟರಿನ ಅಂಕಿ 87ರ ಸುತ್ತಲಿಂದ 97ಕ್ಕೆ ಏರಿದಾಗ, ಎಂಟು ಮಂದಿಯಲ್ಲಿ 4 ಮತ್ತು 6 ಕಿಲೋಹರ್ಟ್ಸ್‌ಗಳ ಎಮಿಷನ್ ಎರಡು ಮೂರು ಡೆಸಿಬೆಲ್‌ನಷ್ಟು ಮರಳಿ ಬಂತು. 1 ಕಿಲೋಹರ್ಟ್ಸ್ ಅಲುಗಲಿಲ್ಲ. ಬರಿಯ ಗಾಳಿಯಲ್ಲಿ ಏನೂ ಆಗಿರಲಿಲ್ಲ. ಕೊನೆಯಲ್ಲಿ ಪ್ರೋಬ್ ತೆಗೆದು ಮತ್ತೊಮ್ಮೆ ಟಿಂಪನೋಮೆಟ್ರಿ ಮಾಡುವುದನ್ನು ಯಾರೂ ಮರೆಯಬಾರದು, ಏಕೆಂದರೆ ಶುದ್ಧ ಆಮ್ಲಜನಕವೂ ಮಧ್ಯಕಿವಿಯ ಒತ್ತಡವನ್ನು ಬದಲಿಸಬಲ್ಲದು. ಮಾಸ್ಕಿನ ಸುಯ್ ಸದ್ದು ಪ್ರೋಬಿಗೆ ತಾಗದಂತೆ ಮಾಡಿದ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಕಾಕ್ಲಿಯಾದ ಗೋಡೆಯಲ್ಲಿರುವ, ರಕ್ತನಾಳಗಳು ತುಂಬಿದ ಸ್ಟ್ರೈಯಾ ವ್ಯಾಸ್ಕುಲಾರಿಸ್ ಎಂಬ ಪದರ ಕಾಯ್ದುಕೊಂಡು ಬರುವ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ವಿಭವವು ಆಮ್ಲಜನಕವಿಲ್ಲದೆ ನಿಲ್ಲುವಂಥದ್ದಲ್ಲ, ಅದು ತಗ್ಗಿದರೆ ಎಮಿಷನ್ ಹೊರಡಿಸುವ ಹೊರ ರೋಮಕೋಶಗಳು ಸೊರಗುತ್ತವೆ ಎಂಬುದು ಈ ಕ್ಷೇತ್ರದ ನಮಗೆಲ್ಲ ತಿಳಿದದ್ದೇ. ಅದರ ನೆರಳನ್ನು ಜೀವಂತ ಮನುಷ್ಯರಲ್ಲಿ ಕಂಡದ್ದು ನನಗೆ ಹೆಮ್ಮೆಯ ವಿಷಯ.

ಅದೇ ವಾರ ಕಣ್ಣು ಮುಚ್ಚಿಸಿ, ದಪ್ಪ ಫೋಮಿನ ಮೇಲೆ ನಿಲ್ಲಿಸಿ ಸಮತೋಲನವನ್ನೂ ನೋಡಿದೆ. ಎಲ್ಲರೂ ಸ್ವಲ್ಪ ತೂಗಾಡಿದರು. ಆದರೆ ಅದು ಒಳಕಿವಿಯದೋ ಮೆದುಳಿನದೋ ಎಂದು ಬೇರ್ಪಡಿಸಲು ಆಗದ ಕಾರಣ ಆ ಅಂಕಿಗಳನ್ನು ಬದಿಗಿಟ್ಟೆ. 5 ಡೆಸಿಬೆಲ್ ಹೆಜ್ಜೆಯ ಆಡಿಯೋಗ್ರಾಮ್‌ನಲ್ಲಿ (ಮಾಮೂಲಿ ಶ್ರವಣ ಪರೀಕ್ಷೆಯ ನಕ್ಷೆ) ಹನ್ನೊಂದು ಮಂದಿಯಲ್ಲಿ ಒಬ್ಬರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಕಿವಿ ಮಂದವಾಗಿದೆ ಎಂದು ಅವರಲ್ಲಿ ಯಾರೂ ಹೇಳಲೂ ಇಲ್ಲ.