ನಂದಿ ಬೆಟ್ಟದ ಬೆನ್ನ ಹಿಂದಿನ ರಸ್ತೆಗಳು

ಮೊದಲ ಮೂರು ವರ್ಷ ನಾನು ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತಿದ್ದೇ ಹತ್ತಿದ್ದು, ಒಮ್ಮೆಯೂ ಸುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಯಲಹಂಕ ಬಿಟ್ಟು, ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಟ್ಯಾಕ್ಸಿಗಳ ಪಕ್ಕ ಜೀವ ಕೈಯಲ್ಲಿ ಹಿಡಿದು ದೇವನಹಳ್ಳಿ ದಾಟಿ, ಬುಡದಿಂದ ಏಳೆಂಟು ಕಿಲೋಮೀಟರ್ ಏರಿ, ಮೇಲೆ ಮಂಜು ನೋಡಿ, ಬಂದ ದಾರಿಯಲ್ಲೇ ವಾಪಸ್. ಬೆಂಗಳೂರಿನ ಸೈಕಲ್ ಮಂದಿಗೆ 1478 ಮೀಟರಿನ ಆ ಬೆಟ್ಟ ಗರಡಿಮನೆ ಇದ್ದಂತೆ. ಎಷ್ಟು ನಿಮಿಷಕ್ಕೆ ಹತ್ತಿದೆ ಅನ್ನುವುದೊಂದೇ ಮಾತು. ನನಗೂ ಆ ಹುಚ್ಚಿತ್ತು. ಆದರೆ ರಜಾದಿನ ಆ ಏರಿನಲ್ಲಿ ಕಾರು, ಬೈಕುಗಳ ಸಾಲು ಬಿಡುವುದೇ ಇಲ್ಲ. ಎದೆ ತುಂಬ ಉಸಿರು ಬೇಕಾದ ಜಾಗದಲ್ಲೇ ಹೊಗೆ ಕುಡಿಯಬೇಕು.

ಒಂದು ಭಾನುವಾರ ಬುಡದಲ್ಲೇ ಗಾಡಿಗಳು ಜಾಮ್ ಆಗಿ ನಿಂತಿದ್ದವು. ಮನೆಗೆ ತಿರುಗುವ ಮನಸ್ಸಾಗಲಿಲ್ಲ. ಹೆಗ್ಗಡಿಹಳ್ಳಿ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿ ಹಿಡಿದೆ. ಹತ್ತು ನಿಮಿಷ ತುಳಿದಿರಬೇಕು, ಹಾರ್ನ್ ಸದ್ದು ನಿಂತುಹೋಯಿತು. ಚೈನಿನ ಸದ್ದು, ಎಲ್ಲೋ ಒಂದು ನವಿಲು, ಅಷ್ಟೇ. ಬೆಟ್ಟ ಬಲಗಡೆಯಿಂದ ಬೆನ್ನ ಹಿಂದಕ್ಕೆ ನಿಧಾನವಾಗಿ ಸರಿಯಿತು. ಇಷ್ಟು ವರ್ಷ ಅದರ ಮುಖ ಮಾತ್ರ ನೋಡಿದ್ದೆ ಅಂತ ಆಗ ತಿಳಿಯಿತು.

ಈಗ ನನ್ನ ಸುತ್ತು ಹೆಸರಘಟ್ಟದಿಂದ ಶುರು. ಹುಲ್ಲುಗಾವಲಿನ ಅಂಚಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಇದ್ದು, ಮಧುರೆ ಮೇಲೆ ದೊಡ್ಡಬಳ್ಳಾಪುರ ಸೇರುತ್ತೇನೆ. ಶನಿವಾರ ಮಾತ್ರ ಈ ದಾರಿ ಬೇಡ. ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಗೆ ಜನ ಕಿಕ್ಕಿರಿಯುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಇಡ್ಲಿ, ಕಾಫಿ. ಆಮೇಲೆ ಗೌರಿಬಿದನೂರು ರಸ್ತೆಯಲ್ಲಿ ಸ್ವಲ್ಪ ದೂರ ಲಾರಿಗಳ ಕಾಟ ಸಹಿಸಿಕೊಂಡರೆ ಮಾಕಳಿದುರ್ಗದ ಕಾಡು ಬರುತ್ತದೆ. ಕಾಡು ಅಂದರೆ ಮಲೆನಾಡಿನದಲ್ಲ. ಬಂಡೆ, ಕುರುಚಲು, ನೀಲಗಿರಿ ತೋಪು, ನಡುನಡುವೆ ಹೊಂಗೆಯ ನೆರಳು, ಗುಡ್ಡಗಳ ಸಂದಿಯಲ್ಲಿ ಬಳಸಿ ಹೋಗುವ ರೈಲು ಹಳಿ. ಮಳೆ ಬಂದ ಮಾರನೆಯ ದಿನ ಹೋದರೆ ನೀಲಗಿರಿ ಎಲೆಯ ವಾಸನೆ ಮೂಗಿಗೆ ಅಡರುತ್ತದೆ. ಚಿರತೆ ಓಡಾಡುವ ಸೀಮೆ, ಹಾಗಾಗಿ ಕತ್ತಲಲ್ಲಿ ಒಬ್ಬರೇ ಹೋಗುವುದು ಬೇಡ.

ಅಲ್ಲಿಂದ ಘಾಟಿ ಸುಬ್ರಹ್ಮಣ್ಯ. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ನರಸಿಂಹನ ದರ್ಶನ ಆಗಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಷಷ್ಠಿಯ ದಿನ ಕಾಲಿಡಲೂ ಜಾಗವಿಲ್ಲ. ವಾರದ ನಡುವೆ ಬಂದರೆ ನಾಗರಕಲ್ಲುಗಳ ಸಾಲಿನ ಪಕ್ಕ ಕೂತು ನೀರು ಕುಡಿಯಬಹುದು. ಘಾಟಿಯಿಂದ ತೂಬಗೆರೆ ಕಡೆ ತಿರುಗಿದ ಮೇಲೆ ನಾನು ಈ ಬರಹಕ್ಕೆ ಕೂತಿದ್ದಕ್ಕೆ ಕಾರಣವಾದ ರಸ್ತೆಗಳು: ಒಂದೂವರೆ ಗಾಡಿ ಅಗಲದ ಡಾಂಬರು, ಕೆರೆ ಏರಿ, ರಾಗಿ ಹೊಲ, ಹಿಪ್ಪುನೇರಳೆ, ಆಮೇಲೆ ದ್ರಾಕ್ಷಿ.

ಇಲ್ಲಿನ ದ್ರಾಕ್ಷಿ ತೋಟ ಚಿತ್ರಪಟದಲ್ಲಿ ಕಾಣುವ ಯುರೋಪಿನ ತೋಟದ ಹಾಗಲ್ಲ. ಬೆಂಗಳೂರು ಬ್ಲೂ ತಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಆಳೆತ್ತರದ ಕಲ್ಲುಕಂಬ, ಮೇಲೆ ತಂತಿಯ ಜಾಲ, ಅದರ ತುಂಬ ಬಳ್ಳಿ. ಸೈಕಲ್ ಮೇಲೆ ಕೂತವರ ಕಣ್ಣಿಗೆ ಚಪ್ಪರದ ಅಡಿಭಾಗವೇ ಸರಿಯಾಗಿ ಕಾಣುವುದು. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಹಸಿರು ಕತ್ತಲು, ಕಪ್ಪುನೀಲಿ ಗೊಂಚಲು ತೂಗುತ್ತಿರುತ್ತವೆ. ಕಂಬಗಳ ಮೇಲೆಲ್ಲ ತಿಳಿನೀಲಿ ಕಲೆ. ಅದೇನು ಅಂತ ಕೇಳಿದಾಗ ಔಷಧಿ ಹೊಡೆಯುತ್ತಿದ್ದ ರೈತರೊಬ್ಬರು, ‘ಮೈಲುತುತ್ತ, ಸುಣ್ಣ ಸಾರ್. ಬೂಜು ಬರ್ದಂಗೆ’ ಅಂದರು. ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ಸೀಮೆ ಬೋರ್ಡೋದ ಹೆಸರು ನಮ್ಮ ತೂಬಗೆರೆಯ ಕಲ್ಲುಕಂಬಕ್ಕೆ ಅಂಟಿಕೊಂಡಿದೆ. ವರ್ಷಕ್ಕೆ ಎರಡು ಫಸಲು ಕೊಡುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ, ಮಾನ್ಯತೆಯೂ ಸಿಕ್ಕಿದೆ. ದಪ್ಪ ಸಿಪ್ಪೆ, ಒಳಗೆ ಲೋಳೆ, ಬೀಜ. ಆದರೆ ಬಿಸಿಲಲ್ಲಿ ಅರವತ್ತು ಕಿಲೋಮೀಟರ್ ತುಳಿದವರ ಬಾಯಿಗೆ ಅದರ ಹುಳಿಸಿಹಿಯ ಮುಂದೆ ಯಾವ ಎನರ್ಜಿ ಜೆಲ್ಲೂ ನಿಲ್ಲದು. ವೈನಿಗಾಗಿಯೇ ಬೆಳೆಸಿದ ಫ್ರೆಂಚ್ ತಳಿಗಳನ್ನು ನೋಡಬೇಕಿದ್ದರೆ ದೇವನಹಳ್ಳಿ ರಸ್ತೆಯ ರಘುನಾಥಪುರದ ಬಳಿ ಗ್ರೋವರ್ ತೋಟವಿದೆ. ಅಲ್ಲಿ ಚಪ್ಪರವಿಲ್ಲ, ಬಳ್ಳಿಗಳು ಬೇಲಿಯಂತೆ ಸಾಲಾಗಿ ನಿಂತಿರುತ್ತವೆ.

ನನಗಾದ ಒಂದು ಪೆಟ್ಟನ್ನು ಹೇಳಲೇಬೇಕು. ಜನವರಿಯಲ್ಲಿ ಈ ರಸ್ತೆಗಳೇ ಕಣ. ಹುರುಳಿ, ರಾಗಿ ಹುಲ್ಲನ್ನು ಡಾಂಬರಿನ ಮೇಲೆ ಹರಡಿರುತ್ತಾರೆ, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ಕಾರು ದಾಟುತ್ತದೆಯಲ್ಲ, ನಾನೂ ದಾಟೋಣ ಅಂತ ನುಗ್ಗಿದೆ. ಹತ್ತು ಮಾರು ಹೋಗುವುದರಲ್ಲಿ ಹುರುಳಿ ಬಳ್ಳಿ ಹಿಂದಿನ ಗೇರುಚಕ್ರಕ್ಕೆ ಹಗ್ಗದಂತೆ ಸುತ್ತಿಕೊಂಡು, ಗೇರು ಬದಲಿಸುವ ತೋಳನ್ನು ಕಡ್ಡಿಗಳ ಒಳಕ್ಕೆ ಎಳೆದುಕೊಂಡಿತು. ಅದನ್ನು ಹಿಡಿದಿರುವ ಹ್ಯಾಂಗರ್ ಪಟ್ಟನೆ ಮುರಿಯಿತು. ಹೊಲದ ಬದುವಿನಲ್ಲಿದ್ದ ಅಜ್ಜಿ ಕುಡುಗೋಲು ಹಿಡಿದೇ ಓಡಿಬಂದರು. ‘ಇಳ್ದು ತಳ್ಕೊಂಡ್ ಬರ್ಬಾರ್ದೇನಪ್ಪ?’ ಅಂತ ಬೈದು, ಒಂದೊಂದೇ ಎಳೆ ಕೊಯ್ದು ತೆಗೆದುಕೊಟ್ಟರು. ಚೈನ್ ಕತ್ತರಿಸಿ ಗಿಡ್ಡ ಮಾಡಿ, ಒಂದೇ ಗೇರಿನಲ್ಲಿ ಮನೆ ಸೇರಿದೆ. ಈಗ ಹಾಸು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ನಡೆಯುತ್ತೇನೆ. ಹ್ಯಾಂಗರ್ ಒಂದು, ಚೈನ್ ಕೊಂಡಿ ಎರಡು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರುತ್ತವೆ. ಆ ಹಾಸು ಒಂದು ಮನೆಯ ವರ್ಷದ ಕಾಳು, ಚಕ್ರಕ್ಕೆ ಏನೂ ಸುತ್ತಿಕೊಳ್ಳದಿದ್ದರೂ ನಾನು ಹಾಗೆ ನುಗ್ಗಬಾರದಿತ್ತು.

ಸದ್ದಿಲ್ಲದ ರಸ್ತೆ ಹುಡುಕಲು ನಾನು ನೋಡುವುದು ಎರಡೇ. ಕಲ್ಲುಕ್ವಾರಿ, ಜಲ್ಲಿ ಕ್ರಷರ್ ಇರುವ ಕಡೆ ಹೋಗುವುದಿಲ್ಲ. ಉಪಗ್ರಹ ನಕ್ಷೆಯಲ್ಲಿ ಅವು ಬಿಳಿ ಗಾಯದಂತೆ ಕಾಣುತ್ತವೆ, ಅಲ್ಲಿಗೆ ಟಿಪ್ಪರ್ ಓಡಾಟ ಖಾತ್ರಿ. ಇನ್ನೊಂದು, ಕೆರೆಯ ಏರಿ ಮೇಲೆ ಹಾದುಹೋಗುವ ದಾರಿಯನ್ನು ಕಣ್ಣುಮುಚ್ಚಿ ಆರಿಸುತ್ತೇನೆ. ದೊಡ್ಡ ಗಾಡಿಗಳು ಅಲ್ಲಿಗೆ ಬರುವುದು ಕಡಿಮೆ. ಅರ್ಕಾವತಿ ನಂದಿಯಲ್ಲೇ ಹುಟ್ಟಿ ಕೆರೆಯಿಂದ ಕೆರೆಗೆ ಇಳಿಯುತ್ತಾ ಹೆಸರಘಟ್ಟಕ್ಕೆ ಬರುತ್ತದೆ, ಅಂದರೆ ನನ್ನ ಸುತ್ತು ಹೆಸರಘಟ್ಟದಿಂದ ಆ ಹೊಳೆಯ ತಲೆಯವರೆಗೆ. ಇಂಥ ರಸ್ತೆಗೆ ನನ್ನ ಟೈರು 32 ಮಿಲಿಮೀಟರ್ ಅಗಲದ್ದು, ಕುಲುಕು ಕಡಿಮೆಯಾಗಲಿ ಅಂತ ಗಾಳಿ ಸ್ವಲ್ಪ ಕಡಿಮೆ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ಹೋಗಬೇಡಿ, ಇಳಿದು ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಿರಿ, ಅದು ಸುಮ್ಮನಾಗುತ್ತದೆ. ನನಗೆ ಇದುವರೆಗೂ ಹಾಗೇ ಆಗಿದೆ.

ಮೈಯಲ್ಲಿ ಕಸುವು ಉಳಿದಿದ್ದರೆ ಬೆಟ್ಟವನ್ನು ಬಳಸಿ ನಂದಿ ಗ್ರಾಮದ ಭೋಗನಂದೀಶ್ವರ, ಅಲ್ಲಿಂದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ. ಸುತ್ತು ಒಟ್ಟು ನೂರು ಕಿಲೋಮೀಟರ್ ದಾಟುತ್ತದೆ.

ಕಳೆದ ಸಲ ಹೋದಾಗ ನನ್ನ ಮೆಚ್ಚಿನ ತೋಟಗಳಲ್ಲಿ ಒಂದು ಇರಲಿಲ್ಲ. ನೀಲಿ ಕಲೆಯ ಕಲ್ಲುಕಂಬಗಳನ್ನು ರಸ್ತೆ ಬದಿಗೆ ಒಟ್ಟಿದ್ದರು, ಹೊಲದಲ್ಲಿ ಸೈಟಿನ ಗುರುತುಕಲ್ಲು ನೆಟ್ಟಿದ್ದರು. ಹೊಟ್ಟೆ ಉರಿಯಿತು. ಔಷಧಿ ಹೊಡೆಯುತ್ತಿದ್ದ ರೈತರ ತೋಟ ಇನ್ನೂ ಇದೆ. ‘ಕುಯ್ಲು ಸುರುವಾದಾಗ ಬನ್ನಿ ಸಾರ್’ ಅಂದಿದ್ದರು. ಹೋದೆ. ಅವರು ಕೊಟ್ಟ ಎರಡು ಗೊಂಚಲು ಬೆನ್ನ ಜೇಬಿನಲ್ಲಿ ಮನೆಗೆ ಬರುವಷ್ಟರಲ್ಲಿ ಜಜ್ಜಿಹೋಗಿದ್ದವು. ಈಗ ಹ್ಯಾಂಡಲ್ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡೇ ಹೊರಡುತ್ತೇನೆ.