ಸಣ್ಣ ಅಂಗಡಿಯ ಕೆಲಸದವರಿಗೂ ಪೆನ್ಷನ್: ಅಕೌಂಟೆಂಟ್ ಎಲ್ಲಿಂದ ಶುರು ಮಾಡಬೇಕು?

ಹಂಪನಕಟ್ಟೆಯ ಬಟ್ಟೆ ಅಂಗಡಿ, ಬೈಕಂಪಾಡಿಯ ವರ್ಕ್‌ಶಾಪ್, ಮಣಿಪಾಲದ ಹೋಟೆಲ್. ಇಂಥ ಕಡೆ ಜಿಎಸ್‌ಟಿಯಿಂದ ಹಿಡಿದು ಬ್ಯಾಂಕ್ ಸಾಲದ ತನಕ ಧಣಿಗಳು ಕೇಳುವುದು ತಮ್ಮ ಅಕೌಂಟೆಂಟನ್ನೇ. ಕೆಲಸದವರ ಪೆನ್ಷನ್ ವಿಷಯವೂ ಅಲ್ಲಿಗೇ ಬರುತ್ತದೆ. ಆಗ ತಕ್ಷಣ ಯಾವುದೋ ಸ್ಕೀಮಿನ ಹೆಸರು ಹೇಳಬೇಡಿ. ಮೊದಲು ಹಾಜರಿ ಪುಸ್ತಕ ತರಿಸಿ.

ತಲೆ ಎಣಿಸುವುದೇ ಮೊದಲ ಕೆಲಸ. 20 ಜನ ಇದ್ದರೆ ಪಿಎಫ್ (ಪೆನ್ಷನ್ ಕೂಡ ಸೇರಿರುವ ಭವಿಷ್ಯ ನಿಧಿ) ಕಡ್ಡಾಯ, ಅಲ್ಲಿ ಆಯ್ಕೆಯ ಮಾತೇ ಇಲ್ಲ. ಉಡುಪಿಯಲ್ಲಿ ಒಂದು ಹೋಟೆಲ್, ಮಲ್ಪೆಯಲ್ಲಿ ಅದರದ್ದೇ ಬ್ರಾಂಚ್ ಇದ್ದರೆ ಎರಡೂ ಕಡೆಯವರನ್ನು ಸೇರಿಸಿಯೇ ಲೆಕ್ಕ ಹಾಕಬೇಕು, ಕಂಟ್ರಾಕ್ಟರ್ ಕಳಿಸಿದ ಹುಡುಗರನ್ನೂ ಬಿಡುವಂತಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

20ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಿಜವಾದ ಆಯ್ಕೆ ಉಂಟು. ಸ್ವಇಚ್ಛೆಯಿಂದ ಪಿಎಫ್‌ಗೆ ಸೇರಬಹುದು. ಖರ್ಚು ಎಷ್ಟು ಅಂತ ಧಣಿಗಳ ಎದುರೇ ಬರೆದು ತೋರಿಸಿ. 12 ಜನ, ತಲಾ 14,000 ಸಂಬಳ ಅಂದುಕೊಳ್ಳಿ. 20ಕ್ಕಿಂತ ಕಡಿಮೆ ಜನ ಇರುವಲ್ಲಿ ಮಾಲೀಕರ ಪಾಲು ಶೇ 10, ಅಂದರೆ 16,800 ರೂಪಾಯಿ. ವಿಮೆಗೆ ಅರ್ಧ ಪರ್ಸೆಂಟ್, ಆಡಳಿತ ಶುಲ್ಕ ಇನ್ನರ್ಧ ಪರ್ಸೆಂಟ್. ಒಟ್ಟು ತಿಂಗಳಿಗೆ 18,480. ಕೆಲಸದವರ ಶೇ 10 ಅವರ ಸಂಬಳದಿಂದ ಹೋಗುತ್ತದೆ. ಆದರೆ ಮಾಲೀಕರ ಪಾಲನ್ನೂ ಅವರಿಂದಲೇ ಹಿಡಿಯುವ ಹಾಗಿಲ್ಲ, ಇದನ್ನು ಮುಲಾಜಿಲ್ಲದೆ ಹೇಳಿಬಿಡಿ.

ಕೆಲಸದವರಿಗೆ ಸಿಗುವುದೇನು ಅನ್ನುವುದನ್ನೂ ಬಿಡಿಸಿ ಹೇಳಬೇಕು. ಮಾಲೀಕರ ಪಾಲಿನಲ್ಲಿ ಶೇ 8.33 ಪೆನ್ಷನ್ ಖಾತೆಗೆ ಹೋಗುತ್ತದೆ. ಕನಿಷ್ಠ 10 ವರ್ಷ ಸರ್ವಿಸ್ ಆದರೆ 58ಕ್ಕೆ ಪೆನ್ಷನ್. ಸರಾಸರಿ ಸಂಬಳವನ್ನು ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮೊತ್ತ ಗೊತ್ತಾಗುತ್ತದೆ: 14,000ಕ್ಕೆ 15 ವರ್ಷ ದುಡಿದವರಿಗೆ ತಿಂಗಳಿಗೆ 3,000. ಜಾಸ್ತಿ ಏನಲ್ಲ, ನಿಜ. ಆದರೆ ಪಿಎಫ್ ಗಂಟು ಬೇರೆಯೇ ಸಿಗುತ್ತದೆ, ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆಯೂ ಉಂಟು. ನನ್ನ ಪ್ರಕಾರ ಆ ವಿಮೆಗೋಸ್ಕರವೇ ಇದನ್ನು ಮೊದಲು ನೋಡಬೇಕು.

ಅಷ್ಟು ಖರ್ಚು ಆಗುವುದಿಲ್ಲ ಅಂದರೆ ಅಟಲ್ ಪೆನ್ಷನ್ ಯೋಜನೆ ಉಂಟಲ್ವಾ? 18ರಿಂದ 40 ವರ್ಷದವರು, ಇನ್ಕಮ್ ಟ್ಯಾಕ್ಸ್ ಕಟ್ಟದವರು ಸೇರಬಹುದು. 25ರ ಹುಡುಗ ತಿಂಗಳಿಗೆ 376 ರೂಪಾಯಿ ಕಟ್ಟಿದರೆ 60ರ ನಂತರ ತಿಂಗಳಿಗೆ 5,000. ಖಾತೆ ಅವನದ್ದೇ. ಆ 376 ಅನ್ನು ಸಂಬಳದ ಜೊತೆ ಸೇರಿಸಿ ಕೊಡಿ ಅಂತ ಧಣಿಗಳಿಗೆ ಹೇಳಿ ನೋಡಿ, ಬಹಳಷ್ಟು ಜನ ಒಪ್ಪುತ್ತಾರೆ. ಒಳ್ಳೆ ಸಂಬಳದ ಮ್ಯಾನೇಜರ್ ಇದ್ದರೆ ಅವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪೆನ್ಷನ್ ಯೋಜನೆ) ಕೇಳಿ ನೋಡಿ, ಹೊಸ ತೆರಿಗೆ ಪದ್ಧತಿಯಲ್ಲಿ ಮಾಲೀಕರು ಹಾಕುವ ಹಣಕ್ಕೆ ಮೂಲ ವೇತನ, ಡಿಎ ಸೇರಿದ ಮೊತ್ತದ ಶೇ 14ರವರೆಗೆ ವಿನಾಯಿತಿ ಸಿಗುತ್ತದೆ.

ಪಿಎಫ್‌ಗೇ ಹೋಗುವುದಾದರೆ ತಾರೀಕಿನ ವಿಷಯದಲ್ಲಿ ಗಟ್ಟಿಯಾಗಿರಿ. ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಲೇಬೇಕು. ಕೆಲಸದವರಿಂದ ಹಿಡಿದ ಹಣ ತಡವಾದರೆ ಅದನ್ನು ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಖರ್ಚಾಗಿ ತೋರಿಸಲು ಬಿಡುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, ಈಗಿನ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಮತ್ತೆ ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ 'ಪೂಜಾರಿ' ಅಂತ ಇರುತ್ತದೆ, ಸಂಬಳದ ಪುಸ್ತಕದಲ್ಲಿ ಬರೀ ಇನಿಶಿಯಲ್. ಹತ್ತು ವರ್ಷ ಬಿಟ್ಟು ಹಣ ತೆಗೆಯಲು ಹೋದಾಗ ಇದೇ ದೊಡ್ಡ ತಲೆನೋವು. ಹಾಗಾಗಿ ಯುಎಎನ್ (ಕೆಲಸದವರ ಪಿಎಫ್ ನಂಬರ್) ಮಾಡಿಸುವ ದಿನವೇ ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ, ನಾಮಿನಿ ಹೆಸರನ್ನೂ ಅವತ್ತೇ ತುಂಬಿಸಿ.